ಬಣ್ಣದ ಬೆಲೆ ಕೊಡುವವರು ಯಾರು?

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಆರ್ಗೈಲ್ ಸೀಮೆಯಲ್ಲಿ ಪೊಲ್ಟಲ್ಲಾಕ್ ಎಂಬ ದೊಡ್ಡ ಜಮೀನು ಮಾಲ್ಕಂ ಮನೆತನದ ಕೈಯಲ್ಲಿತ್ತು. ಆ ಮನೆತನದ ಕರ್ನಲ್ ಎಡ್ವರ್ಡ್ ಡೊನಾಲ್ಡ್ ಮಾಲ್ಕಂ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೇಟೆಗೆಂದು ಪುಟ್ಟ ಟೆರಿಯರ್ ನಾಯಿಗಳನ್ನು ಸಾಕುತ್ತಿದ್ದ. ಒಂದು ದಿನ ಹೊರನುಗ್ಗಿದ ಕೆಂಗಂದು ಪ್ರಾಣಿಯನ್ನು ನರಿಯೆಂದು ಭಾವಿಸಿ ಗುಂಡು ಹಾರಿಸಿದ; ಸತ್ತದ್ದು ಅವನದೇ ಮೆಚ್ಚಿನ ನಾಯಿ. ಅಂದಿನಿಂದ ಬಿಳಿಯ ಟೆರಿಯರ್‌ಗಳನ್ನು ಮಾತ್ರ ಬೆಳೆಸುವುದೆಂದು ನಿಶ್ಚಯಿಸಿದ ಎಂಬ ಕಥೆ ಆ ತಳಿಯ ಚರಿತ್ರೆಗೆ ಅಂಟಿಕೊಂಡು ಬಂದಿದೆ. ಇಂದು ನಾವು ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್, ಮುದ್ದಿಗೆ ವೆಸ್ಟಿ, ಎಂದು ಕರೆಯುವ ನಾಯಿ ಅದು.

ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಪಾದ್ರಿ ಜಾನ್ ರಸೆಲ್ ಕಥೆಯೂ ಇದರ ಪಕ್ಕದಲ್ಲೇ ನಿಲ್ಲುವಂಥದ್ದು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನ ಬಳಿ ಕಂಡ ಟ್ರಂಪ್ ಎಂಬ ಹೆಣ್ಣು ಟೆರಿಯರನ್ನು ಅವನು ಸ್ಥಳದಲ್ಲೇ ಕೊಂಡುಕೊಂಡ. ಮೈಯೆಲ್ಲ ಬಿಳಿ, ಕಣ್ಣು ಕಿವಿಗಳ ಸುತ್ತ ಕಂದು ಮಚ್ಚೆ, ಬಾಲದ ಬುಡದಲ್ಲಿ ನಾಣ್ಯದಷ್ಟು ಒಂದು ಚುಕ್ಕೆ. ಜ್ಯಾಕ್ ರಸೆಲ್ ಟೆರಿಯರ್ ಎಂಬ ಹೆಸರು ಅವನಿಂದ ಬಂದದ್ದು. ಅಲ್ಲಿಯೂ ಬಿಳಿ ಬಣ್ಣ ಬೇಕಾದದ್ದು ಬೇಟೆಗಾರನ ಕಣ್ಣಿಗೆ ನರಿ ಯಾವುದು, ನಾಯಿ ಯಾವುದು ಎಂದು ದೂರದಿಂದಲೇ ತಿಳಿಯಲೆಂದು. ಈ ಎರಡೂ ಕಥೆಗಳಲ್ಲಿ ಬಣ್ಣವನ್ನು ಆರಿಸಿದವನು ಮನುಷ್ಯನೇ, ಅದೂ ತನ್ನ ಬೇಟೆಯ ಸುಖಕ್ಕಾಗಿಯೇ. ಆದರೂ ಆ ಬಣ್ಣದಿಂದ ನಾಯಿಗೂ ಒಂದು ಲಾಭವಿತ್ತು: ಗುಂಡಿಗೆ ಬಲಿಯಾಗದೆ ಸಂಜೆ ಮನೆಗೆ ಮರಳುವುದು.

ನಾನಿರುವ ಪುಣೆಯಲ್ಲಿ, ಮುಂಬೈ, ಹೈದರಾಬಾದ್, ಬೆಂಗಳೂರುಗಳಲ್ಲಿ ಕೂಡ, ನಾಯಿಮರಿ ಮಾರುವವರ ಜಾಹೀರಾತುಗಳಲ್ಲಿ ಈಗ ಕಾಣುವ ಮಾತು ಬೇರೆ. 'ಅಪರೂಪದ ಬಣ್ಣ', 'ನೀಲಿ ಕಣ್ಣು', 'ಮರ್ಲ್, ಎರಡೇ ಮರಿ ಉಳಿದಿವೆ'. ಬಣ್ಣ ಅಪರೂಪವಾದಷ್ಟೂ ಬೆಲೆ ಏರುತ್ತದೆ. ಇಲ್ಲಿ ನರಿಯೂ ಇಲ್ಲ, ಬಂದೂಕೂ ಇಲ್ಲ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಸೋಫಾದ ಪಕ್ಕ ಮಲಗುವ ಪ್ರಾಣಿಗೆ ತನ್ನ ಮೈಬಣ್ಣದಿಂದ ಆಗಬೇಕಾದ ಉಪಕಾರ ಏನೂ ಇಲ್ಲ. ಹಾಗಿದ್ದಾಗ ಆ ಬಣ್ಣಕ್ಕಾಗಿ ಒಂದು ಜೀವವನ್ನು ಹುಟ್ಟಿಸುವುದು ಸರಿಯೇ? ಸರಿ ಎನ್ನುವುದಾದರೆ ಎಲ್ಲಿಯವರೆಗೆ ಸರಿ? ಇದು ಶೋಕಿಯ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಸ್ವಲ್ಪ ಕೆದಕಿದರೆ ಇನ್ನೊಬ್ಬರ ಬದುಕಿನ ಮೇಲೆ ನಾವು ತೆಗೆದುಕೊಳ್ಳುವ ನಿರ್ಧಾರಗಳೆಲ್ಲವನ್ನೂ ಮುಟ್ಟುತ್ತದೆ.

ಮೊದಲು ಬಣ್ಣ ಹುಟ್ಟುವ ಬಗೆಯನ್ನು ತಿಳಿಯಬೇಕು. ನಾಯಿಯ ಕೂದಲಿನಲ್ಲಿರುವುದು ಮೂಲತಃ ಎರಡೇ ವರ್ಣದ್ರವ್ಯಗಳು. ಒಂದು ಕಪ್ಪು ಅಥವಾ ಕಂದು ಕೊಡುವ ಯೂಮೆಲನಿನ್, ಇನ್ನೊಂದು ಕೆಂಪಿನಿಂದ ಕೆನೆಬಣ್ಣದವರೆಗಿನ ಛಾಯೆ ಕೊಡುವ ಫಿಯೋಮೆಲನಿನ್. ಇವನ್ನು ತಯಾರಿಸುವ ಕೋಶಗಳು ಭ್ರೂಣದಲ್ಲಿ ಬೆನ್ನುಹುರಿಯ ಉದ್ದಕ್ಕೂ ಹುಟ್ಟಿ, ಅಲ್ಲಿಂದ ಮೈಯ ಬೇರೆ ಬೇರೆ ಭಾಗಗಳಿಗೆ ಪಯಣ ಹೊರಡುತ್ತವೆ. ಬೆನ್ನಿಗೆ ಹತ್ತಿರವಿದ್ದ ಜಾಗಕ್ಕೆ ಬೇಗ ಸೇರುತ್ತವೆ. ಎದೆ, ಪಾದ, ಮೂತಿಯ ತುದಿ, ಬಾಲದ ತುದಿ ಎಲ್ಲಕ್ಕಿಂತ ದೂರ. ಅನೇಕ ನಾಯಿಗಳಿಗೆ ಎದೆ ಮತ್ತು ಪಾದಗಳಲ್ಲಿ ಬಿಳಿ ಕಾಣಲು ಇದೇ ಕಾರಣ: ಕೋಶಗಳು ಅಲ್ಲಿಯವರೆಗೆ ತಲುಪಲಿಲ್ಲ.

ಈಗ ವೆಸ್ಟಿಯ ಬಿಳಿಯನ್ನೂ ಜ್ಯಾಕ್ ರಸೆಲ್‌ನ ಬಿಳಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಣ್ಣಿಗೆ ಎರಡೂ ಬಿಳಿಯೇ. ಆದರೆ ವೆಸ್ಟಿಯ ಮೈಯಲ್ಲಿ ಬಣ್ಣದ ಕೋಶಗಳು ಎಲ್ಲೆಡೆ ತಲುಪಿವೆ. ಎಂಸಿ1ಆರ್ ಎಂಬ ಜೀನ್‌ನ ಒಂದು ರೂಪ ತಂದೆತಾಯಿ ಇಬ್ಬರಿಂದಲೂ ಬಂದಿರುವುದರಿಂದ ಅವು ಕೂದಲಿಗೆ ಕಪ್ಪನ್ನು ಕೊಡಲಾರವು, ಕೆಂಪು ಬಗೆಯದನ್ನು ಮಾತ್ರ ಕೊಡುತ್ತವೆ. ಆ ಕೆಂಪೂ ಬೇರೆ ಜೀನ್‌ಗಳ ಪ್ರಭಾವದಿಂದ ತೆಳುವಾಗಿ ತೆಳುವಾಗಿ ಬಿಳಿಯೇ ಆಗಿಬಿಟ್ಟಿದೆ. ಅದಕ್ಕೇ ವೆಸ್ಟಿಯ ಮೂಗು ಕಪ್ಪು, ಕಣ್ಣು ಗಾಢ. ಜ್ಯಾಕ್ ರಸೆಲ್‌ನ ಬಿಳಿ ಇದಲ್ಲ. ಅಲ್ಲಿ ಎಂಐಟಿಎಫ್ ಎಂಬ ಜೀನ್‌ನ ಪ್ರಭಾವದಿಂದ ಕೋಶಗಳು ಬಿಳಿ ಭಾಗಗಳಿಗೆ ಹೋಗಿ ನೆಲೆಯೂರಲೇ ಇಲ್ಲ. ಒಂದು ಮನೆಯಲ್ಲಿ ಜನರಿದ್ದೂ ದೀಪ ಆರಿದೆ, ಇನ್ನೊಂದರಲ್ಲಿ ಜನರೇ ಇಲ್ಲ. ಬೀದಿಯಲ್ಲಿ ನಿಂತವನಿಗೆ ಎರಡೂ ಕತ್ತಲೆ ಮನೆಗಳೇ.

ಈ ವ್ಯತ್ಯಾಸ ಕೂದಲಿಗಷ್ಟೇ ಸೀಮಿತವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಆದರೆ ಇದೇ ಬಣ್ಣದ ಕೋಶಗಳಿಗೆ ಒಳಕಿವಿಯಲ್ಲಿ ಬಣ್ಣಕ್ಕೆ ಸಂಬಂಧವೇ ಇಲ್ಲದ ಒಂದು ನೌಕರಿ ಇದೆ. ಅಲ್ಲಿನ ದ್ರವದಲ್ಲಿ ಪೊಟ್ಯಾಸಿಯಂ ಪ್ರಮಾಣವನ್ನು ಹದದಲ್ಲಿಡಲು ಅವು ಬೇಕು. ಅವು ಇಲ್ಲದಿದ್ದರೆ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಕೋಶಗಳು ಹುಟ್ಟಿದ ಮೂರು ನಾಲ್ಕು ವಾರಗಳಲ್ಲಿ ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ನಾಯಿಮರಿಯ ಕಿವಿ ತೆರೆಯುವುದೇ ಸುಮಾರು ಎರಡು ವಾರಕ್ಕೆ. ಅಂದರೆ ಇಂಥ ಮರಿಗೆ ಲೋಕದ ಸದ್ದು ಕೇಳುವುದು ಹೆಚ್ಚೆಂದರೆ ಒಂದೆರಡು ವಾರ. ಡಾಲ್ಮೇಷಿಯನ್ ತಳಿಯಲ್ಲಿ, ಅಮೆರಿಕದಲ್ಲಿ ನಡೆದ ಪರೀಕ್ಷೆಗಳ ಪ್ರಕಾರ, ಶೇ. 30ರಷ್ಟು ನಾಯಿಗಳಿಗೆ ಒಂದು ಅಥವಾ ಎರಡೂ ಕಿವಿ ಕೇಳಿಸುವುದಿಲ್ಲ. ಬುಲ್ ಟೆರಿಯರ್‌ಗಳಲ್ಲಿ ಬಿಳಿ ನಾಯಿಗಳ ಪೈಕಿ ಇದು ಸುಮಾರು ಶೇ. 20, ಬಣ್ಣದವುಗಳಲ್ಲಿ ಸುಮಾರು ಶೇ. 1. ಜ್ಯಾಕ್ ರಸೆಲ್‌ಗಳಲ್ಲೂ ಇದೇ ಬಗೆಯ ಕಿವುಡುತನ ಇದೆ, ಡಾಲ್ಮೇಷಿಯನ್‌ಗಿಂತ ಬಹಳ ಕಡಿಮೆ. ವೆಸ್ಟಿಯ ಬಗೆಯ ಬಿಳಿ ತಾನಾಗಿ ಕಿವಿಯನ್ನು ಹೀಗೆ ಬರಿದು ಮಾಡುವುದಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ನಮ್ಮ ಗಾದೆಗೆ ಇಷ್ಟು ಅಕ್ಷರಶಃ ಅರ್ಥ ಇರಬಹುದೆಂದು ನಾನು ಎಣಿಸಿರಲಿಲ್ಲ. ಮಾರುಕಟ್ಟೆ ನೋಡುವುದು ಬಣ್ಣವನ್ನು. ದೇಹ ಅನುಭವಿಸುವುದು ಬಣ್ಣದ ಹಿಂದಿನ ಕಾರಣವನ್ನು. ಹಾಗಾಗಿ 'ಈ ಬಣ್ಣ ಒಳ್ಳೆಯದು, ಆ ಬಣ್ಣ ಕೆಟ್ಟದ್ದು' ಎಂದು ಪಟ್ಟಿ ಮಾಡುವ ನೀತಿ ಆರಂಭದಲ್ಲೇ ಮುಗ್ಗರಿಸುತ್ತದೆ. ಬಣ್ಣದ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ.

ಮರ್ಲ್ ಎಂಬ ಚಿತ್ತಾರದ ವಿಷಯವನ್ನು ತೆಗೆದುಕೊಂಡರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕಪ್ಪು ಕೂದಲಿನ ನಡುವೆ ಬೂದಿ ಚೆಲ್ಲಿದ ಹಾಗೆ ತೇಪೆತೇಪೆಯಾದ ಮೈ, ಕೆಲವೊಮ್ಮೆ ನೀಲಿ ಕಣ್ಣು. ನೋಡಲು ನಿಜಕ್ಕೂ ಚೆಂದ. ಪಿಎಂಇಎಲ್ ಎಂಬ ಜೀನ್‌ನ ಒಳಗೆ ಡಿಎನ್‌ಎಯ ಒಂದು ತುಣುಕು ಅಡ್ಡ ಸೇರಿಕೊಂಡದ್ದರಿಂದ ಇದು ಉಂಟಾಗುತ್ತದೆಂದು 2006ರಲ್ಲಿ ಪತ್ತೆಯಾಯಿತು. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಈ ರೂಪ ಬಂದರೆ ಚಿತ್ತಾರ ಮೂಡುತ್ತದೆ, ಸಾಮಾನ್ಯವಾಗಿ ಹೆಚ್ಚಿನ ತೊಂದರೆ ಇಲ್ಲ. ಇಬ್ಬರಿಂದಲೂ ಬಂದರೆ ಮರಿ ಬಹುಮಟ್ಟಿಗೆ ಬಿಳಿಯಾಗಿ ಹುಟ್ಟುತ್ತದೆ. ಕಣ್ಣುಗುಡ್ಡೆ ಚಿಕ್ಕದಾಗಿರುವುದು, ದೃಷ್ಟಿ ಮಂಕಾಗಿರುವುದು, ಕಿವಿ ಕೇಳದಿರುವುದು, ಇವುಗಳ ಸಾಧ್ಯತೆ ಏರುತ್ತದೆ. 2009ರಲ್ಲಿ ಪ್ರಕಟವಾದ, ಹಲವು ತಳಿಗಳ 153 ಮರ್ಲ್ ನಾಯಿಗಳ ಅಧ್ಯಯನವೊಂದರಲ್ಲಿ ಇಂಥ 'ಜೋಡಿ ಮರ್ಲ್' ನಾಯಿಗಳ ಪೈಕಿ ಶೇ. 10ಕ್ಕೆ ಒಂದು ಕಿವಿ, ಶೇ. 15ಕ್ಕೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಒಂಟಿ ಮರ್ಲ್‌ಗಳಲ್ಲಿ ಅದು ಶೇ. 2.7 ಮತ್ತು ಶೇ. 0.9.

ಇನ್ನೊಂದು ಲೆಕ್ಕ ಹೇಳುತ್ತೇನೆ, ಹೈಸ್ಕೂಲಿನಲ್ಲಿ ಓದಿದ ಮೆಂಡೆಲ್‌ನ ಬಟಾಣಿ ಪಾಠ ನೆನಪಿದ್ದರೆ ಸಾಕು. ಮರ್ಲ್ ನಾಯಿಗೆ ಮರ್ಲ್ ನಾಯಿಯನ್ನೇ ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಎರಡು ಮರಿ ಒಂಟಿ ಮರ್ಲ್, ಒಂದು ಸಾದಾ, ಒಂದು ಜೋಡಿ ಮರ್ಲ್. ಮರ್ಲ್ ನಾಯಿಗೆ ಸಾದಾ ನಾಯಿಯನ್ನು ಕೂಡಿಸಿದರೆ ನಾಲ್ಕರಲ್ಲಿ ಎರಡು ಒಂಟಿ ಮರ್ಲ್, ಎರಡು ಸಾದಾ. ಗಮನಿಸಿ: ಮಾರಾಟವಾಗುವ ಚಿತ್ತಾರದ ಮರಿಗಳ ಸಂಖ್ಯೆ ಎರಡರಲ್ಲೂ ಒಂದೇ. ಮೊದಲನೆಯ ದಾರಿಯಲ್ಲಿ ಹೆಚ್ಚಿಗೆ ದಕ್ಕುವುದು ಕಣ್ಣು ಕಿವಿಗಳ ಅಪಾಯ ಹೊತ್ತ ಆ ಒಂದು ಮರಿ ಮಾತ್ರ. ಅಂದರೆ ಇಲ್ಲಿ ಕ್ರೌರ್ಯದಿಂದ ಲಾಭವೂ ಇಲ್ಲ. ಇಷ್ಟಾದರೂ ಅದು ನಡೆಯುತ್ತದೆ, ಏಕೆಂದರೆ ಸಾಕುವವನ ಬಳಿ ಇರುವ ಎರಡೂ ನಾಯಿ ಮರ್ಲ್ ಆಗಿರಬಹುದು, ಇನ್ನೊಂದನ್ನು ಹುಡುಕುವ ಉಸಾಬರಿ ಯಾರಿಗೆ ಬೇಕು? ಅನ್ಯಾಯಗಳಲ್ಲಿ ದುರಾಸೆಯಿಂದ ಆಗುವುದಕ್ಕಿಂತ ಸೋಮಾರಿತನದಿಂದ ಆಗುವುದೇ ಹೆಚ್ಚೇನೋ ಎಂದು ನನಗೆ ಹಲವು ಬಾರಿ ಅನಿಸಿದೆ.

ಕಣ್ಣಿಗೆ ಕಾಣದ ಅಪಾಯವೂ ಇದೆ. ಮರ್ಲ್ ಕೆಲಸ ಮಾಡುವುದು ಮುಖ್ಯವಾಗಿ ಕಪ್ಪು ವರ್ಣದ್ರವ್ಯದ ಮೇಲೆ. ವೆಸ್ಟಿಯಲ್ಲಿ ನೋಡಿದೆವಲ್ಲ, ಆ ಎಂಸಿ1ಆರ್ ರೂಪ ಇರುವ ಕೆನೆಬಣ್ಣದ ನಾಯಿಯ ಕೂದಲಿನಲ್ಲಿ ಕಪ್ಪೇ ಇಲ್ಲ. ಆದ್ದರಿಂದ ಅದು ಮರ್ಲ್ ಹೊತ್ತಿದ್ದರೂ ತೋರುವುದಿಲ್ಲ. ಯಾರ್ಕ್‌ಷೈರ್, ಜ್ಯಾಕ್ ರಸೆಲ್ ಮುಂತಾದ ಪುಟ್ಟ ಟೆರಿಯರ್‌ಗಳ ಮೂಲ ವಂಶದಲ್ಲಿ ಮರ್ಲ್ ಇಲ್ಲ. 'ಮರ್ಲ್ ಯಾರ್ಕಿ' ಎಂದು ಮಾರಾಟಕ್ಕಿದ್ದರೆ ಹಿಂದೆ ಎಲ್ಲೋ ಮರ್ಲ್ ಇರುವ ಬೇರೆ ತಳಿ ಸೇರಿದೆ ಎಂದರ್ಥ. ಬೆರಕೆ ಆಗುವುದರಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ. ಬೆರಕೆಯನ್ನು ಮುಚ್ಚಿಟ್ಟಾಗ ಮಾತ್ರ ಮುಂದಿನ ಜೋಡಿ ಕೂಡಿಸುವವನು ಕುರುಡನಾಗುತ್ತಾನೆ. ಕೆನ್ನೆಯ ಒಳಗಿಂದ ಹತ್ತಿಯ ಕಡ್ಡಿಯಲ್ಲಿ ಸವರಿ ತೆಗೆದ ಮಾದರಿಯಿಂದ ಮರ್ಲ್ ಇದೆಯೇ ಇಲ್ಲವೇ ಎಂದು ತಿಳಿಯಬಹುದು. ತಿಳಿಯಲು ಇಷ್ಟು ಸುಲಭವಾದ ಮೇಲೆ 'ಗೊತ್ತಿರಲಿಲ್ಲ' ಎಂಬ ಮಾತಿನ ತೂಕ ಇಳಿದುಹೋಗುತ್ತದೆ. ಅಜ್ಞಾನವೂ ಒಂದು ಆಯ್ಕೆಯಾಗಿಬಿಡುತ್ತದೆ.

ಇಷ್ಟನ್ನೂ ಆಫೀಸಿನ ಊಟದ ಹೊತ್ತಿನಲ್ಲಿ ಹೇಳುತ್ತಿದ್ದಾಗ ನನ್ನ ತಂಡದ ಹುಬ್ಬಳ್ಳಿಯ ಹುಡುಗನೊಬ್ಬ ಒಂದು ಪ್ರಶ್ನೆ ಎತ್ತಿದ. "ಸರ್, ಆ ಕಿವುಡು ಮರಿ ಐತಲ್ಲ, ಆ ಎರಡು ನಾಯಿ ಕೂಡಸದಿದ್ರ ಅದು ಹುಟ್ತಾನೇ ಇರಲಿಲ್ಲ. ಬ್ಯಾರೆ ಜೋಡಿ ಕೂಡಿಸಿದ್ರ ಬ್ಯಾರೆ ಮರಿ ಹುಟ್ತಿತ್ತು. ಈ ಮರಿ ತಿಂತದ, ಆಡ್ತದ, ಬಾಲ ಅಲ್ಲಾಡಸ್ತದ. ಹಂಗಾದ್ರ ಅನ್ಯಾಯ ಆಗಿದ್ದು ಯಾರಿಗೆ?"

ಅವನು ತಮಾಷೆಗೆ ಕೇಳಿದನೋ ಏನೋ, ಆದರೆ ಇದು ಕಳೆದ ಅರ್ಧ ಶತಮಾನದ ನೀತಿಶಾಸ್ತ್ರದ ಕಠಿಣ ಪ್ರಶ್ನೆಗಳಲ್ಲಿ ಒಂದು. ಇಂಗ್ಲೆಂಡಿನ ತತ್ತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರ ತನ್ನ 'ರೀಸನ್ಸ್ ಅಂಡ್ ಪರ್ಸನ್ಸ್' ಪುಸ್ತಕದಲ್ಲಿ ಮನುಷ್ಯರ ವಿಷಯವಾಗಿ ಇದನ್ನು ವಿಸ್ತಾರವಾಗಿ ಚರ್ಚಿಸಿದ. ಒಬ್ಬನಿಗೆ ಅನ್ಯಾಯವಾಯಿತು ಎನ್ನಬೇಕಾದರೆ ಅವನು ಇದ್ದುದಕ್ಕಿಂತ ಕೆಟ್ಟ ಸ್ಥಿತಿಗೆ ಬಂದಿರಬೇಕು. ಯಾವ ಕ್ರಿಯೆಯಿಂದ ಅವನು ಅಸ್ತಿತ್ವಕ್ಕೇ ಬಂದನೋ ಆ ಕ್ರಿಯೆಯೇ ಅವನಿಗೆ ಕೆಡುಕು ಮಾಡಿತು ಎನ್ನುವುದು ಹೇಗೆ? ಬದುಕು ಒಟ್ಟಿನಲ್ಲಿ ಬಾಳಲು ಯೋಗ್ಯವಾಗಿದ್ದರೆ ಅವನು ದೂರು ಕೊಡಲು ಆಗುವುದಿಲ್ಲ.

ನಾನು ಈ ಪ್ರಶ್ನೆಯನ್ನು ಕೆಲವು ದಿನ ತಲೆಯಲ್ಲಿ ಹೊತ್ತು ತಿರುಗಿದೆ. ನನಗೆ ಹೊಳೆದ ಉತ್ತರದ ಮೊದಲ ಭಾಗ ಪಾರ್ಫಿಟ್‌ನಲ್ಲೇ ಇದೆ. ದೂರು ಕೊಡುವ ವ್ಯಕ್ತಿ ಇಲ್ಲದಿದ್ದರೂ ಎರಡು ದಾರಿಗಳನ್ನು ಹೋಲಿಸಬಹುದು. ಎರಡೂ ದಾರಿಯಲ್ಲಿ ಅಷ್ಟೇ ಜೀವಗಳು ಹುಟ್ಟುವುದಾದರೆ, ಒಂದರಲ್ಲಿ ಹುಟ್ಟುವವುಗಳ ಬದುಕು ಹೆಚ್ಚು ಚೆನ್ನಾಗಿರುವುದಾದರೆ, ಇನ್ನೊಂದನ್ನು ಆರಿಸುವುದು ಕೆಟ್ಟ ಆಯ್ಕೆ. ಮರ್ಲ್ ಲೆಕ್ಕದಲ್ಲಿ ನೋಡಿದ್ದು ಇದನ್ನೇ. ಅಷ್ಟೇ ಮರಿಗಳು, ಅಷ್ಟೇ ಚಿತ್ತಾರ, ಆದರೂ ಒಂದು ದಾರಿಯಲ್ಲಿ ನೋವು ಖಚಿತವಾಗಿ ಜಾಸ್ತಿ.

ಎರಡನೆಯ ಭಾಗ ನನ್ನ ಕೆಲಸದಿಂದ ಬಂದದ್ದು. ಯಾವ ಪ್ರಾಜೆಕ್ಟಿನಲ್ಲೂ ಅಪಾಯಗಳ ಪಟ್ಟಿ ಮಾಡುತ್ತೇವೆ. ಪ್ರತಿ ಅಪಾಯದ ಎದುರು ಒಬ್ಬರ ಹೆಸರು ಇರಲೇಬೇಕು. ನಿರ್ಧಾರ ಒಬ್ಬನದು, ನಷ್ಟ ಮತ್ತೊಬ್ಬನದು ಎಂದಾದರೆ ಆ ನಿರ್ಧಾರ ಹೇಗೂ ಉಡಾಫೆಯದಾಗುತ್ತದೆ ಎಂದು ಇಪ್ಪತ್ತು ವರ್ಷದಲ್ಲಿ ಸಾಕಷ್ಟು ಕಂಡಿದ್ದೇನೆ. ನಾಯಿಯ ಬಣ್ಣದ ವ್ಯವಹಾರದಲ್ಲಿ ಈ ಪಟ್ಟಿ ಬರೆದು ನೋಡಿ. ಹಣ ಮಾರುವವನಿಗೆ. ಕಣ್ಣಿನ ಸುಖ ಕೊಳ್ಳುವವನಿಗೆ. ಬಸಿರು, ಬಾಣಂತನ ತಾಯಿನಾಯಿಗೆ. ಕೇಳದ ಕಿವಿ ಮರಿಗೆ, ಹಾರ್ನು ಕೇಳದೆ ರಸ್ತೆ ದಾಟುವ ಅಪಾಯವೂ ಅದಕ್ಕೇ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತೇವಲ್ಲ, ಆ ಗಾದೆಯಲ್ಲಿ ಇಲಿಗೆ ಓಡಿಹೋಗುವ ಅವಕಾಶವಾದರೂ ಇದೆ. ಮರಿ ಹುಟ್ಟುವ ಮೊದಲೇ ಪಂದ್ಯ ಮುಗಿದಿರುತ್ತದೆ. ಆದ್ದರಿಂದ ತಪ್ಪು ಎಲ್ಲಿದೆ ಎಂದು ಹುಡುಕಲು ಮರಿಯ ದೂರಿಗಾಗಿ ಕಾಯಬೇಕಿಲ್ಲ. ಇನ್ನೊಂದು ಜೀವದ ಪಾಲಿಗೆ ಬರಬಹುದಾದ, ಮುಂಚೆಯೇ ತಿಳಿಯಬಹುದಾದ ನೋವನ್ನು ಅಗ್ಗವೆಂದು ಬಗೆದ ಮನಸ್ಸಿನಲ್ಲೇ ಅದು ಇದೆ.

'ಇದೇ ತರ್ಕವನ್ನು ಮನುಷ್ಯರಿಗೆ ಹಚ್ಚಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ?' ಎಂದು ನೀವು ಕೇಳಬಹುದು. ಅಂಥ ಹುಟ್ಟುಗಳನ್ನು ತಡೆಯಬೇಕು ಎಂಬ ಮಾತಿನಿಂದ ಇಪ್ಪತ್ತನೆಯ ಶತಮಾನ ಏನೇನು ಮಾಡಿತೆಂಬುದು ಗೊತ್ತಿರುವವರಿಗೆ ಈ ಭಯ ಸಹಜ. ವ್ಯತ್ಯಾಸ ಒಂದಿದೆ. ಮನುಷ್ಯರು ತಮ್ಮ ಸಂಗಾತಿಯನ್ನು ತಾವೇ ಆರಿಸಿಕೊಳ್ಳುತ್ತಾರೆ, ಕೊನೆಯಪಕ್ಷ ಆರಿಸಿಕೊಳ್ಳುವ ಹಕ್ಕು ಅವರದು; ಅದರಲ್ಲಿ ಸರಕಾರವೋ ವಿಜ್ಞಾನಿಯೋ ಕೈಹಾಕುವುದು ಅತಿಕ್ರಮಣ. ತಳಿ ನಾಯಿಯ ವಿಷಯದಲ್ಲಿ ಯಾವ ಹೆಣ್ಣಿಗೆ ಯಾವ ಗಂಡು, ಯಾವ ತಿಂಗಳು, ಎಷ್ಟು ಸಲ, ಎಲ್ಲವನ್ನೂ ಈಗಾಗಲೇ ನಾವೇ ನಿರ್ಧರಿಸುತ್ತಿದ್ದೇವೆ. ಅಧಿಕಾರ ಪೂರ್ತಿ ನಮ್ಮದಾದ ಮೇಲೆ ಹೊಣೆಯನ್ನು ಪ್ರಕೃತಿಯ ತಲೆಗೆ ಕಟ್ಟಲಾಗದು. ಇನ್ನೊಂದು ಮಾತೂ ಇದೆ. ಕಿವುಡಾಗಿ ಹುಟ್ಟಿದ ನಾಯಿಯ ಬದುಕು ಕಡಿಮೆ ಬೆಲೆಯದಲ್ಲ. ಕೈಸನ್ನೆಗಳಿಂದ ಕಲಿಸಿದರೆ ಅವು ಚೆನ್ನಾಗಿಯೇ ಕಲಿಯುತ್ತವೆ, ನೆಲದ ಕಂಪನದಿಂದ ನಮ್ಮ ಹೆಜ್ಜೆಯನ್ನು ಗುರುತಿಸುತ್ತವೆ. ಹುಟ್ಟಿದ ಜೀವಕ್ಕೆ ಪೂರ್ಣ ಪ್ರೀತಿ, ಹುಟ್ಟಿಸುವ ನಿರ್ಧಾರಕ್ಕೆ ಪೂರ್ಣ ಎಚ್ಚರ. ಈ ಎರಡೂ ಒಟ್ಟಿಗೆ ಇರಬಲ್ಲವು.

ಇಷ್ಟು ಹೇಳಿ ನಿಲ್ಲಿಸಿದರೆ ತಪ್ಪೆಲ್ಲ ಹೊಸ ಬಣ್ಣಗಳನ್ನು ಮಾರುವವರದು, ಹಳೆಯ ಮಾನದಂಡ ಹಿಡಿದವರು ಸಜ್ಜನರು ಎಂಬ ಅಭಿಪ್ರಾಯ ಬಂದೀತು. ಅದು ಸರಿಯಲ್ಲ. ವೆಸ್ಟಿಯ ಸೋದರ ತಳಿ ಕೇರ್ನ್ ಟೆರಿಯರ್. ಎರಡೂ ಸ್ಕಾಟ್ಲೆಂಡಿನ ಅದೇ ಗುಡ್ಡಗಾಡಿನ ನಾಯಿಗಳಿಂದ ಬಂದವು. ವೆಸ್ಟಿ ಬಿಳಿಯಾಗಿರಲೇಬೇಕು, ಕೇರ್ನ್ ಬಿಳಿಯಾಗಿರಲೇಬಾರದು. ಒಂದೇ ಬಣ್ಣ ಒಂದು ಮನೆಯಲ್ಲಿ ಅರ್ಹತೆ, ಪಕ್ಕದ ಮನೆಯಲ್ಲಿ ಅನರ್ಹತೆ. ಮರಿಯ ಆರೋಗ್ಯಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ವಧೂವರರ ಜಾಹೀರಾತಿನಲ್ಲಿ ಇಂದಿಗೂ 'ಬೆಳ್ಳಗಿರಬೇಕು' ಎಂದು ಓದುವ ನಮಗೆ ಈ ಬಗೆಯ ಮಾನದಂಡ ಅರ್ಥವಾಗದ್ದೇನಲ್ಲ.

ಜರ್ಮನಿಯ ಹುನ್ಸ್‌ರುಕ್ ಪ್ರದೇಶದಲ್ಲಿ ವೆರ್ನರ್ ಮತ್ತು ಗೆರ್ಟ್ರುಡ್ ಬೀವರ್ ದಂಪತಿ ಯಾರ್ಕ್‌ಷೈರ್ ಟೆರಿಯರ್‌ಗಳನ್ನು ಬೆಳೆಸುತ್ತಿದ್ದರು. 1984ರ ಜನವರಿ 20ರಂದು ಅವರ ಮನೆಯಲ್ಲಿ ನೀಲಿ ಹೊಂಬಣ್ಣದ ಜೊತೆಗೆ ಬಿಳಿ ತೇಪೆಗಳಿದ್ದ ಮರಿಯೊಂದು ಹುಟ್ಟಿತು. ಹಿಮದ ಪುಟ್ಟ ಹಳಕು ಎಂಬ ಅರ್ಥದ ಶ್ನೇಫ್ಲ್ಯೋಕ್ಶೆನ್ ಎಂದು ಅದಕ್ಕೆ ಹೆಸರಿಟ್ಟರು. ತಂದೆತಾಯಿ ಇಬ್ಬರಲ್ಲೂ ಅಡಗಿದ್ದ ಜೀನ್ ಮರಿಯಲ್ಲಿ ಒಟ್ಟಾಗಿ ಮೇಲೆದ್ದಿತ್ತು. ಯಾರ್ಕ್‌ಷೈರ್ ಮಾನದಂಡದಲ್ಲಿ ಅದು ದೋಷ. ಬೀವರ್ ದಂಪತಿ ಅದನ್ನು ದೋಷವೆಂದು ಮೂಲೆಗೆ ಸರಿಸಲಿಲ್ಲ, ಅದನ್ನೇ ಮುಂದುವರಿಸಿದರು. 2021ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಬೀವರ್ ಟೆರಿಯರ್ ಅನ್ನು ಪೂರ್ಣ ತಳಿಯೆಂದು ಮಾನ್ಯ ಮಾಡಿತು. ಮೂವತ್ತೇಳು ವರ್ಷದಲ್ಲಿ ಕಳಂಕ ಕಿರೀಟವಾಯಿತು. ಈ ಕಥೆ ನನಗೆ ಇಷ್ಟ. ಆದರೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ: ಒಂದು ಅಪರೂಪದ ಮರಿಯಿಂದ ತಳಿ ಕಟ್ಟಬೇಕಾದರೆ ಹತ್ತಿರದ ಬಂಧುಗಳನ್ನೇ ಕೂಡಿಸುವ ಆಮಿಷ ಬಲವಾಗಿರುತ್ತದೆ. ತಂದೆಗೆ ಮಗಳನ್ನು ಕೂಡಿಸಿದಾಗ ಹುಟ್ಟುವ ಮರಿಯಲ್ಲಿ ಸರಾಸರಿ ಕಾಲುಭಾಗ ಜೀನ್‌ಜೋಡಿಗಳು ಒಂದೇ ಪೂರ್ವಜನ ಒಂದೇ ಪ್ರತಿಯ ನಕಲುಗಳಾಗುತ್ತವೆ. ಬಣ್ಣದ ಜೀನ್ ಮೇಲೆ ಬಂದ ದಾರಿಯಲ್ಲೇ ರೋಗದ ಜೀನ್‌ಗಳೂ ಮೇಲೆ ಬರುತ್ತವೆ. ಬಣ್ಣ ನಿರಪರಾಧಿಯಾಗಿದ್ದರೂ ಅದರ ಹಿಂದೆ ಓಡುವ ಅವಸರ ನಿರಪರಾಧಿಯಲ್ಲ.

ಇದಕ್ಕೆ ತದ್ವಿರುದ್ಧವಾದ ಅತಿರೇಕವೂ ಅಷ್ಟೇ ಅಪಾಯ. ಬೆಡ್ಲಿಂಗ್ಟನ್ ಟೆರಿಯರ್ ಎಂಬ, ಕುರಿಮರಿಯಂತೆ ಕಾಣುವ ನಾಯಿಯಲ್ಲಿ ಯಕೃತ್ತಿನಲ್ಲಿ ತಾಮ್ರ ಸೇರಿಕೊಳ್ಳುವ ಆನುವಂಶಿಕ ರೋಗ ವ್ಯಾಪಕವಾಗಿತ್ತು. ಅದಕ್ಕೆ ಕಾರಣವಾದ ಜೀನ್ ದೋಷ 2002ರಲ್ಲಿ ಪತ್ತೆಯಾಗಿ ಡಿಎನ್‌ಎ ಪರೀಕ್ಷೆ ಸಾಧ್ಯವಾಯಿತು. ಈಗ ದೋಷದ ಒಂದೇ ಪ್ರತಿ ಹೊತ್ತ, ತಾನು ಆರೋಗ್ಯವಾಗಿರುವ ನಾಯಿಗಳನ್ನು ಏನು ಮಾಡಬೇಕು? ಶುದ್ಧಿಯ ಹುಚ್ಚು ಹತ್ತಿದವರು ಎಲ್ಲವನ್ನೂ ಹೊರಹಾಕಿ ಎನ್ನುತ್ತಾರೆ. ಹಾಗೆ ಮಾಡಿದರೆ ಚಿಕ್ಕ ತಳಿಯಲ್ಲಿ ಉಳಿಯುವ ನಾಯಿಗಳು ಬೆರಳೆಣಿಕೆ. ಅವುಗಳಲ್ಲಿ ಅಡಗಿರುವ ಇನ್ನಾವುದೋ ದೋಷ ನಾಲ್ಕು ಪೀಳಿಗೆಯಲ್ಲಿ ಎಲ್ಲೆಡೆ ಹರಡುತ್ತದೆ. ಪ್ರತಿ ಹೊತ್ತ ನಾಯಿಯನ್ನು ದೋಷವಿಲ್ಲದ ನಾಯಿಗೆ ಕೂಡಿಸಿದರೆ ಮರಿಗಳಲ್ಲಿ ಯಾವುದಕ್ಕೂ ಆ ರೋಗ ಬರುವುದಿಲ್ಲ. ಪರೀಕ್ಷಿಸುತ್ತ ನಿಧಾನವಾಗಿ ದೋಷವನ್ನು ಕಡಿಮೆ ಮಾಡಬಹುದು. ಜವಾಬ್ದಾರಿ ಎಂದರೆ ಮಡಿವಂತಿಕೆ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ದೋಷವಿಲ್ಲದ ಜೀವ ಎಂಬುದೇ ಇಲ್ಲ. ಯಾರಲ್ಲಿ ಯಾವ ದೋಷ ಅಡಗಿದೆ ಎಂದು ತಿಳಿದುಕೊಂಡು ಜೊತೆ ಮಾಡುವುದಷ್ಟೇ ನಮ್ಮ ಕೈಲಿರುವುದು.

ಹಾಗಾದರೆ ಬಣ್ಣ ಇಷ್ಟಪಡುವುದೇ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಚೆಲುವನ್ನು ಕಂಡು ಮರುಳಾಗುವುದು ಮನುಷ್ಯನ ಒಳ್ಳೆಯ ಗುಣಗಳಲ್ಲಿ ಒಂದು. ಆದರೆ ಮೊದಲು ಉತ್ತರ ಸಿಗಬೇಕಾದ ಬೇರೆ ಪ್ರಶ್ನೆಗಳಿವೆ. ಈ ಬಣ್ಣ ತರುವ ಜೀನ್ ದೇಹದಲ್ಲಿ ಇನ್ನೇನು ಮಾಡುತ್ತದೆ? ಈ ಜೋಡಿಯನ್ನು ಕೂಡಿಸುವುದರಿಂದ ತಳಿಯ ಒಟ್ಟು ಆರೋಗ್ಯ ಹಿಗ್ಗುತ್ತದೋ ಕುಗ್ಗುತ್ತದೋ? ತಾಯಿನಾಯಿಗೆ ಇದು ಎಷ್ಟನೆಯ ಬಸಿರು? ಹುಟ್ಟಿದ ಮರಿಗಳಲ್ಲಿ ಬಯಸಿದ ಬಣ್ಣದ್ದಲ್ಲದವುಗಳ ಗತಿ ಏನು? ಈ ನಾಲ್ಕಕ್ಕೂ ನೆಮ್ಮದಿಯ ಉತ್ತರ ಇದ್ದಾಗ ಬಣ್ಣ ನೋಡಿ ಆರಿಸಿಕೊಳ್ಳುವುದರಲ್ಲಿ ಯಾವ ಪಾಪವೂ ಇಲ್ಲ.

ಇದು ನಮ್ಮಂಥವರಿಗೆ ಸಂಬಂಧಿಸಿದ ಮಾತೂ ಹೌದು. ಯಾರ್ಕ್‌ಷೈರ್ ಟೆರಿಯರ್‌ನ ಪೂರ್ವಜರನ್ನು ಇಂಗ್ಲೆಂಡಿನ ಗಿರಣಿ ಊರುಗಳಿಗೆ ತಂದವರು ಕೆಲಸ ಹುಡುಕಿಕೊಂಡು ಸ್ಕಾಟ್ಲೆಂಡ್ ಬಿಟ್ಟು ಬಂದ ನೇಕಾರರು. ಊರು ಬಿಟ್ಟವರು ಜೊತೆಗೊಂದು ಪುಟ್ಟ ನಾಯಿ ಇಟ್ಟುಕೊಳ್ಳುವುದು ಹೊಸದಲ್ಲ. ಬಾಡಿಗೆ ಮನೆ, ರಾತ್ರಿ ಹತ್ತರ ಕಾಲ್, ಕನ್ನಡದಲ್ಲಿ ಮಾತಾಡಲು ಯಾರೂ ಇಲ್ಲದ ಭಾನುವಾರ. ಅಂಥಲ್ಲಿ ಬಾಗಿಲು ತೆರೆದ ಕೂಡಲೇ ಮೈಮೇಲೆ ಹಾರುವ ಒಂದು ಜೀವ ಬೇಕೆನಿಸುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆ ಆಸೆಗೆ ಬಣ್ಣದ ಹಂಗಿಲ್ಲ ಎಂಬುದನ್ನಷ್ಟೇ ನೆನಪಿಸಬೇಕು. ಒಂಟಿತನ ನೀಗಿಸುವ ಕೆಲಸವನ್ನು ಕಂದು ನಾಯಿ ಮಾಡುವಷ್ಟೇ ಚೆನ್ನಾಗಿ ಬೂದಿ ಚಿತ್ತಾರದ್ದು ಮಾಡುತ್ತದೆ, ಬೀದಿಯಿಂದ ತಂದದ್ದೂ ಮಾಡುತ್ತದೆ.

ಕೊಳ್ಳಲೇಬೇಕು ಎನ್ನುವವರಿಗೆ ಕಾನೂನಿನ ಆಸರೆ ಇದೆ. ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ಕುರಿತು ಕೇಂದ್ರ ಸರಕಾರ 2017ರಲ್ಲಿ ಮಾಡಿದ ನಿಯಮಗಳ ಪ್ರಕಾರ ಸಾಕುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು; ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ; ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ; ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕಿಸುವಂತಿಲ್ಲ. ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ತಾಯಿಯನ್ನು, ಅದು ಇರುವ ಜಾಗದಲ್ಲೇ, ನೋಡಬೇಕು ಎನ್ನಿ. ಮರ್ಲ್ ಎಂದರೆ ತಂದೆತಾಯಿ ಎರಡರ ಡಿಎನ್‌ಎ ವರದಿ ಕೇಳಿ. ಬಿಳಿ ಹೆಚ್ಚಿದ್ದರೆ ಕಿವಿಯ ವಿಷಯ ಕೇಳಿ. ಚಪ್ಪಾಳೆ ತಟ್ಟಿ ತೋರಿಸಿದರೆ ಒಪ್ಪಬೇಡಿ, ಒಂದೇ ಕಿವಿ ಕೇಳುವ ಮರಿಯೂ ಚಪ್ಪಾಳೆಗೆ ತಿರುಗುತ್ತದೆ. ಒಂದೊಂದು ಕಿವಿಯನ್ನೂ ಬೇರೆಯಾಗಿ ಅಳೆಯುವ, ಮೆದುಳಿನ ವಿದ್ಯುತ್ ಸ್ಪಂದನ ದಾಖಲಿಸುವ ಪರೀಕ್ಷೆಯಿಂದ ಮಾತ್ರ ಅದು ತಿಳಿಯುತ್ತದೆ. ಹೀಗೆ ಕೇಳುವ ಗಿರಾಕಿಗಳು ಹೆಚ್ಚಾದಂತೆ, ಏನೂ ಕೇಳದವರನ್ನು ನಂಬಿಕೊಂಡ ವ್ಯಾಪಾರ ಕಷ್ಟವಾಗುತ್ತದೆ.

ಒಂದು ಗಂಟು ಮಾತ್ರ ನನ್ನಿಂದ ಬಿಡಿಸಲಾಗಿಲ್ಲ. ಅಂಗಡಿಯ ಪಂಜರದಲ್ಲಿ ಕರೆದರೂ ತಿರುಗದ ಬಿಳಿ ಮರಿಯೊಂದು ಈಗಾಗಲೇ ಇದೆ. ಹಣ ಕೊಟ್ಟು ತಂದರೆ ಅದು ಉಳಿಯುತ್ತದೆ, ಅದೇ ಹಣದಿಂದ ಅಂಥದೇ ಇನ್ನೊಂದು ಸೂಲಿಗೆ ಆರ್ಡರ್ ಹೋಗುತ್ತದೆ. ಕೊಡದೆ ಬಂದರೆ ಮುಂದಿನ ಸೂಲು ತಪ್ಪಬಹುದು, ಈ ಮರಿ ಅಲ್ಲೇ ಉಳಿಯುತ್ತದೆ. ನನ್ನ ತರ್ಕವೆಲ್ಲ 'ಕೊಡಬೇಡ, ಪ್ರಾಣಿದಯಾ ಸಂಸ್ಥೆಗೆ ತಿಳಿಸು, ಮಂಡಳಿಗೆ ದೂರು ಕೊಡು, ಆಮೇಲೆ ಅಲ್ಲಿಂದ ದತ್ತು ತಗೋ' ಎನ್ನುತ್ತದೆ. ಅದೇ ಸರಿಯಾದ ದಾರಿ ಎಂದು ನಂಬಿದ್ದೇನೆ, ಕೇಳಿದವರಿಗೆಲ್ಲ ಅದನ್ನೇ ಹೇಳುತ್ತೇನೆ. ಆದರೆ ಆ ಮರಿಯ ಮುಂದೆ ನಿಂತು ಅದನ್ನು ಹೇಳುವುದು ಸುಲಭವೆಂದು ಮಾತ್ರ ಹೇಳಲಾರೆ.